ಕೊರಳಲ್ಲಿದ್ದ ಸವತಿ

ಕ್ಯಾಸಂಬಳ್ಳಿ ಕಡೆಯಿಂದ ಬೆಳಗಿನ ಮೊದಲ ಬಸ್ಸಿನಲ್ಲಿ ಹಾಲಿನ ಕ್ಯಾನು ಇಟ್ಟುಕೊಂಡು ಚಿನ್ನದ ಗಣಿಯ ಊರಾದ ರಾಬರ್ಟ್‌ಸನ್‌ಪೇಟೆಗೆ ಬಂದಿಳಿಯುತ್ತಿದ್ದ ಹೆಂಗಸರಲ್ಲಿ ಕದಿರಮ್ಮನನ್ನು ಗುರುತಿಸುವುದು ಸುಲಭವಿತ್ತು. ಹಾಲು ಅಳೆಯಲು ಬಗ್ಗಿದಾಗಲೆಲ್ಲ ಅವಳ ಎಡಗೈ ಎದೆಯ ಮೇಲಿರುತ್ತಿತ್ತು. ಸೆರಗು ಜಾರೀತೆಂಬ ನಾಚಿಕೆ ಅಂತ ಕೆಲವರು ತಿಳಿದಿದ್ದರು. ನಾಚಿಕೆಯೂ ಅಲ್ಲ, ಮಣ್ಣೂ ಅಲ್ಲ. ತಾಳಿಯ ಪಕ್ಕದಲ್ಲಿ ಕರಿದಾರಕ್ಕೆ ಕಟ್ಟಿದ್ದ ಅಗಲವಾದ ಬೆಳ್ಳಿ ಬಿಲ್ಲೆಯೊಂದು ಕ್ಯಾನಿನ ಅಂಚಿಗೆ ತಗುಲದಂತೆ ಅವಳು ಹಿಡಿದುಕೊಳ್ಳುತ್ತಿದ್ದಳು. ಅದಕ್ಕೆ ಏಟು ಬಿದ್ದರೆ ಮನೆಯಲ್ಲಿ ದೊಡ್ಡ ರಂಪವಾಗುತ್ತಿತ್ತು, ಏಕೆಂದರೆ ಅದು ಬರೀ ಬಿಲ್ಲೆಯಲ್ಲ, ಅವಳ ಸವತಿ.

ಆ ಕಡೆಯ ಎಷ್ಟೋ ಮನೆಗಳಲ್ಲಿ ಒಂದು ಪದ್ಧತಿಯಿತ್ತು. ಹೆಂಡತಿ ಸತ್ತವನನ್ನು ಮದುವೆಯಾದವಳು ಸತ್ತವಳ ಗುರುತಿಗೆ ಒಂದು ಬಿಲ್ಲೆಯನ್ನು ಕೊರಳಿಗೆ ಕಟ್ಟಿಕೊಳ್ಳಬೇಕು. ಅಕ್ಕಸಾಲಿಗೆ ಹೇಳಿ ಅದರ ಮೇಲೆ ಹೆಣ್ಣಿನ ರೂಪವನ್ನೋ ಎರಡು ಪಾದಗಳನ್ನೋ ಕೆತ್ತಿಸುತ್ತಾರೆ. ಸತ್ತವಳು ಹೊಸಬಳ ಮೇಲೆ ಹೊಟ್ಟೆ ಉರಿದುಕೊಂಡು ಕಾಟ ಕೊಡದಿರಲಿ ಎಂದು ಈ ಏರ್ಪಾಡು. ಇಬ್ಬರನ್ನೂ ಕಟ್ಟಿಕೊಂಡ ಗಂಡಸು ಮಾತ್ರ ಯಾವ ಬಿಲ್ಲೆಯನ್ನೂ ಕಟ್ಟಿಕೊಳ್ಳಬೇಕಾಗಿಲ್ಲ. ಅವನ ಪಾಡಿಗೆ ಅವನು ಬೀಡಿ ಸೇದಿಕೊಂಡು ಇರಬಹುದು.

ಕದಿರಮ್ಮ ಕಾಮಸಮುದ್ರದ ಹತ್ತಿರದ ಹಳ್ಳಿಯ ಹುಡುಗಿ. ಐವತ್ತೊಂದನೇ ಇಸವಿಯಲ್ಲಿ ಚಿಕ್ಕಮುನಿಯಪ್ಪನ ಕೈ ಹಿಡಿದಳು. ಅವನ ಮೊದಲ ಹೆಂಡತಿ ಮಂಗಮ್ಮ ಹಬ್ಬಕ್ಕೆಂದು ತವರಿಗೆ ಹೋದವಳು ಅಲ್ಲೇ ಜ್ವರ ಬಂದು ತೀರಿಕೊಂಡಿದ್ದಳು. ಧಾರೆ ಮುಗಿಯುತ್ತಿದ್ದಂತೆ ಅತ್ತೆ ಓಬಳಮ್ಮ ಒಳಗಿನಿಂದ ಅರಿಸಿನದ ಬಟ್ಟೆಯ ಗಂಟೊಂದನ್ನು ತಂದು ಬಿಚ್ಚಿದಳು. ಎಲೆಯಷ್ಟು ತೆಳ್ಳಗಿನ ಬೆಳ್ಳಿ, ಮೇಲೊಂದು ಕೊಂಡಿ. ಹೆಂಗಸರು ಮುಗಿಬಿದ್ದು ನೋಡಿದರು. ಪಕ್ಕಕ್ಕೆ ತಿರುಗಿದ ಮುಖ, ಕಿವಿಯಲ್ಲಿ ಓಲೆ, ಕತ್ತಿನಲ್ಲಿ ಸರ, ಹಿಂದೆ ಉಂಡೆ ಕಟ್ಟಿದ ತುರುಬು, ನೆತ್ತಿಯ ಮೇಲೆ ಹೂವಿನ ದಂಡೆಯಂಥದ್ದು.

“ಥೇಟ್ ನಮ್ ಮಂಗಮ್ಮನೇ ಅಲ್ವೇನ್ರೇ?” ಎಂದಳು ಒಬ್ಬಳು.

“ಅಲ್ದೆ ಇನ್ನೇನು? ನೆತ್ತಿ ಮ್ಯಾಲೆ ನೋಡು, ಚಂದ್ರ ಅವ್ನೆ, ಚುಕ್ಕಿ ಐತೆ. ಮಾಸ್ತಿಕಲ್ ಮ್ಯಾಲೆ ಇರಾಕಿಲ್ವಾ, ಅಂಗೆ. ಮುತ್ತೈದೆ ಸಾವು ಸತ್ತೋಳ್ಗೇ ಇದು ಬರೋದು,” ಎಂದು ಓಬಳಮ್ಮ ತೀರ್ಪು ಕೊಟ್ಟಳು. ಆಮೇಲೆ ಬಿಲ್ಲೆಯನ್ನು ಮಗುಚಿ ಸೊಸೆಯ ಮುಂದೆ ಹಿಡಿದಳು. “ಇದೋ ಒಲೆ, ಉರೀತಾ ಐತೆ. ಈ ಪಕ್ಕ ಒನಕೆ ಇಡ್ಕೊಂಡ್ ನಿಂತೋಳು ಮಂಗಮ್ಮ. ಆ ಪಕ್ಕ ನೀನು. ಇಬ್ರೂ ಒಂದೇ ಒಲೆ ಮುಂದೆ ಬಾಳ್ಬೇಕು, ತಿಳೀತಾ?”

ಕದಿರಮ್ಮ ತಲೆಯಾಡಿಸಿದಳು. ಒಲೆ ಕಣ್ಣಿಗೆ ಕಾಣುತ್ತಿತ್ತು, ಒನಕೆಯೂ ಕಾಣುತ್ತಿತ್ತು, ಇಲ್ಲವೆನ್ನಲು ಅವಳ ಹತ್ತಿರ ಏನಿತ್ತು?

ಸವತಿ ಮಾತಾಡುತ್ತಿರಲಿಲ್ಲ. ಅವಳ ಪರವಾಗಿ ಓಬಳಮ್ಮ ಮಾತಾಡುತ್ತಿದ್ದಳು. ಹೊಸ ಸೀರೆ ತಂದರೆ ಮೊದಲು ಬಿಲ್ಲೆಗೆ ಹೊದಿಸಬೇಕು. ಮುದ್ದೆಯ ಮೊದಲ ತುತ್ತು ಬಿಲ್ಲೆಗೆ ತೋರಿಸಬೇಕು. ಎಮ್ಮೆ ಹಾಲು ಬತ್ತಿಸಿಕೊಂಡರೆ ಮಂಗಮ್ಮನಿಗೆ ಸಿಟ್ಟು, ಕದಿರಮ್ಮ ಯಾರ ಜೊತೆಯಾದರೂ ಜೋರಾಗಿ ನಕ್ಕರೆ ಮಂಗಮ್ಮನಿಗೆ ಇನ್ನೂ ಸಿಟ್ಟು. ಇವೆಲ್ಲ ಹೇಗೋ ಸಹಿಸಬಹುದಿತ್ತು. ಸಹಿಸಲಾಗದ್ದು ಒಂದೇ: ತವರಿಗೆ ಹೋಗುವಂತಿಲ್ಲ.

ಚೊಚ್ಚಲ ಹೆರಿಗೆಗೆ ಕರೆದೊಯ್ಯಲು ಅಣ್ಣ ಆಂಜನಪ್ಪ ಗಾಡಿ ಕಟ್ಟಿಕೊಂಡು ಬಂದಿದ್ದ. ಗಾಡಿಯೊಳಗೆ ಹುಲ್ಲು ಹಾಸಿ, ಮೇಲೆ ಅವ್ವನ ಕೌದಿ ಹಾಸಿತ್ತು. ಓಬಳಮ್ಮ ಹೊಸ್ತಿಲು ದಾಟಲು ಬಿಡಲಿಲ್ಲ. “ತೌರಿಗೆ ಓಗಿ ಅಲ್ಲೇ ಸತ್ತೋಳು ನಮ್ ಮಂಗಮ್ಮ. ಇನ್ನೊಬ್ಳು ಅದೇ ದಾರಿ ಇಡಿಯೋದು ಅವ್ಳು ಸೈರಿಸಾಕಿಲ್ಲ. ಆಮ್ಯಾಲೆ ಏನಾದ್ರೂ ಆದ್ರೆ ನಾನ್ ಜವಾಬ್ದಾರಳಲ್ಲ ಕಣಪ್ಪ,” ಎಂದಳು. ಬಸುರಿಯ ವಿಷಯದಲ್ಲಿ ಅಷ್ಟು ಮಾತು ಸಾಕಾಗಿತ್ತು. ಆಂಜನಪ್ಪ ಖಾಲಿ ಗಾಡಿ ಹೊಡೆದುಕೊಂಡು ಹಿಂದಿರುಗಿದ. ಅವ್ವ ಚಿಕ್ಕವೆಂಕಟಮ್ಮ ತಾನೇ ಬಂದು ಮೊಮ್ಮಗಳನ್ನು ನೋಡಿಕೊಂಡು ಹೋದಳು. ಕೆಲವು ವರ್ಷ ಹಾಗೆ ಬಂದು ಹೋಗುತ್ತಿದ್ದಳು. ಕಾಲು ಸೋತ ಮೇಲೆ ಅದೂ ನಿಂತಿತು.

ಕಾಮಸಮುದ್ರವೇನು ಕಾಶಿಯೇ? ಹಾಲು ಹಾಕಿ ಮುಗಿಸಿ ಬಸ್ಸಿಗೆ ಕಾಯುವಾಗ ಆ ಊರಿನ ಬಸ್ಸು ದಿನಾ ಅವಳ ಕಣ್ಣೆದುರಿಗೇ ನಿಂತಿರುತ್ತಿತ್ತು. ಓದು ಬರುತ್ತಿರಲಿಲ್ಲ, ಆದರೆ ಆ ಬೋರ್ಡಿನ ಅಕ್ಷರಗಳ ಆಕಾರವನ್ನು ಅವಳು ಮಣ್ಣಿನ ಮೇಲೆ ಬೆರಳಲ್ಲಿ ಬರೆದು ತೋರಿಸಬಲ್ಲವಳಾಗಿದ್ದಳು. ಒಂದು ದಿನ ಧೈರ್ಯ ಮಾಡಿ ಹತ್ತಿ ಕೂತೂ ಕೂತಳು. ಆದರೆ ಬಸ್ಸು ಹೊರಡುವ ಮೊದಲೇ ಇಳಿದುಬಿಟ್ಟಳು. ಅದೇ ತಿಂಗಳು ಹೊಟ್ಟೆಯಲ್ಲಿದ್ದ ಎರಡನೆಯ ಕೂಸು ಜಾರಿಹೋಯಿತು. ಬಸ್ಸು ಹತ್ತಿದ್ದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಆದರೆ ಕೊರಳಲ್ಲಿದ್ದವಳಿಗೆ ಗೊತ್ತಿತ್ತಲ್ಲ! ಅಲ್ಲಿಯವರೆಗೆ ಅತ್ತೆಗೆ ಹೆದರುತ್ತಿದ್ದ ಕದಿರಮ್ಮ ಅಂದಿನಿಂದ ಬಿಲ್ಲೆಗೇ ಹೆದರತೊಡಗಿದಳು.

ಹೀಗೆ ಸುಮಾರು ಹತ್ತು ವರ್ಷ ಕಳೆಯಿತು. ಗಣಿಯ ಬಂಗಲೆಗಳಿಂದ ಬಿಳಿ ದೊರೆಗಳು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟಿದರು. ಕಾಸು ಹೋಗಿ ನಯಾಪೈಸೆ ಬಂತು. ಸವತಿ ಮಾತ್ರ ಇದ್ದಲ್ಲೇ ಇದ್ದಳು. ಒಂದು ದಿನ ದನಕ್ಕೆ ಹುಲ್ಲು ಹಾಕುವಾಗ ಬಿಲ್ಲೆಯ ಕೊಂಡಿ ಕಿತ್ತುಬಂತು. ಓಬಳಮ್ಮ ಬಾಯಿ ಬಡಿದುಕೊಂಡಳು. ಎತ್ತು ನೋಡಲು ಬಂಗಾರಪೇಟೆ ಸಂತೆಗೆ ಹೊರಟಿದ್ದ ಮಗನ ಜೊತೆ ಸೊಸೆಯನ್ನೂ ರೈಲು ಹತ್ತಿಸಿ, ಇವತ್ತೇ ಕೊಂಡಿ ಹಾಕಿಸಿಕೊಂಡು ಬಾ ಎಂದು ಕಳಿಸಿದಳು.

ಚಿಕ್ಕಮುನಿಯಪ್ಪ ಹೆಂಡತಿಯನ್ನು ಅಕ್ಕಸಾಲಿ ಆರುಮುಗಂನ ಅಂಗಡಿಯಲ್ಲಿ ಕೂರಿಸಿ ಎತ್ತಿನ ಹಲ್ಲು ಎಣಿಸಲು ಹೋದ. ಆರುಮುಗಂ ಬಿಲ್ಲೆಯನ್ನು ಅತ್ತಿತ್ತ ತಿರುಗಿಸಿ ನೋಡಿದ.

“ಇದು ಬಿಲ್ಲೆ ಇಲ್ಲಮ್ಮಾ, ಕಾಸು. ಅಚ್ಚಲ್ಲಿ ಒಡ್ದಿರೋದು, ಕೆತ್ತಿರೋದು ಇಲ್ಲ. ನನ್ ಅತ್ರಾನೂ ಒಂದು ಇದೆ, ಪಾರು, ನೋಡು,” ಎಂದು ಡಬ್ಬಿ ತೆರೆದು ಅಂಥದ್ದೇ ಒಂದನ್ನು ತೆಗೆದು ಅವಳ ಅಂಗೈಯಲ್ಲಿಟ್ಟ. ಕರಗಿಸಲು ಬಂದ ಹಳೆ ಬೆಳ್ಳಿಯಲ್ಲಿ ಸಿಕ್ಕಿದ್ದಂತೆ, ಅಂದವಾಗಿದೆಯೆಂದು ಉಳಿಸಿಕೊಂಡಿದ್ದ.

ಇನ್ಯಾರ ಮನೆಯ ಸವತಿಯೋ ಪಾಪ, ಅಂದುಕೊಂಡಳು ಕದಿರಮ್ಮ. ಈ ಸವತಿಗೆ ಹೂವಿನ ದಂಡೆಯಿರಲಿಲ್ಲ. ತಲೆಯ ಮೇಲೆ ಕೋಟೆಗೋಡೆಯ ತೆನೆಯಂಥದ್ದೇನೋ ಇತ್ತು. ಆಮೇಲೆ ಮಗುಚಿ ನೋಡಿ ಬೆಚ್ಚಿಬಿದ್ದಳು. ಅದೇ ಒಲೆ, ಒನಕೆ ಹಿಡಿದ ಅದೇ ಇಬ್ಬರು.

“ನಮ್ಮನೆ ಒಲೆ ನಿನ್ ಡಬ್ಬೀಗೆ ಎಂಗ್ ಬಂತಣ್ಣ?” ಎಂದಳು. ಆರುಮುಗಂನಿಗೆ ಅರ್ಥವಾಗಲಿಲ್ಲ. ಅವನು ಕೊಂಡಿಗೆ ಬೆಸುಗೆ ಹಾಕುತ್ತ ನಕ್ಕ. ಅವಳು ನಗಲಿಲ್ಲ. ಮಗಳಿಗೆ ಚಿಕ್ಕದಾಗಿ ಮೂಲೆಯಲ್ಲಿದ್ದ ಕಾಲ್ಗಡಗವನ್ನು ಮುಂದಿನ ಸಂತೆಗೆ ತಂದುಕೊಡುತ್ತೇನೆಂದು ಒಪ್ಪಿಸಿ ಆ ಕಾಸನ್ನು ಈಸಿಕೊಂಡು, ಎಲೆಅಡಿಕೆ ಸಂಚಿಯ ತಳಕ್ಕೆ ಸೇರಿಸಿದಳು.

ರಾಬರ್ಟ್‌ಸನ್‌ಪೇಟೆಯಲ್ಲಿ ಅವಳು ಹಾಲು ಹಾಕುತ್ತಿದ್ದ ಮನೆಗಳಲ್ಲಿ ಒಂದು ಪಾರ್ಸಿಯವರದ್ದು. ಯಜಮಾನ ತೀರಿಹೋಗಿ ಅಂಗಡಿ ಮುಚ್ಚಿತ್ತು. ವಯಸ್ಸಾದ ಹೆಂಡತಿ ಒಬ್ಬರೇ ವರಾಂಡದ ಬೆತ್ತದ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಹೆಸರು ಖುರ್ಷೆದ್‌ಬಾಯಿ. ಸದಾ ಕುರ್ಚಿಯಲ್ಲೇ ಇರುವವರಿಗೆ ಆ ಹೆಸರು ಸರಿಯಾಗಿದೆಯೆಂದು ಕದಿರಮ್ಮ ಅವರನ್ನು ಕುರ್ಚಿಬಾಯಮ್ಮ ಎಂದೇ ಕರೆಯುತ್ತಿದ್ದಳು. ಅವರು ತಿದ್ದಲು ಹೋಗಿರಲಿಲ್ಲ. ಅವರ ಕನ್ನಡವಾದರೂ ಏನು ಮಹಾ? ಅವರ ಬಾಯಲ್ಲಿ ಲೋಕದ ಜನವೆಲ್ಲ ‘ಅವಳು’. ತೀರಿಹೋದ ಗಂಡನೂ ಅವಳೇ, ಅಂಚೆಯವನೂ ಅವಳೇ.

ಕದಿರಮ್ಮ ಸಂಚಿಯ ಕಾಸನ್ನು ತೋರಿಸಿದ ದಿನ ಬಾಯಮ್ಮ ಕುರ್ಚಿಯಿಂದ ಎದ್ದದ್ದೇ ಒಂದು ಸುದ್ದಿ. ಒಳಗಿನಿಂದ ಮರದ ಪೆಟ್ಟಿಗೆ ತಂದರು. ಹಸಿರು ಮಖಮಲ್ಲಿನ ಗುಳಿಗಳಲ್ಲಿ ಬೆಳ್ಳಿಯ ನಾಣ್ಯಗಳು ಸಾಲಾಗಿ ಮಲಗಿದ್ದವು. ತಮ್ಮ ತಂದೆ ಕೂಡಿಸಿದ್ದು, ತಾವು ಮುಂದುವರಿಸಿದ್ದು, ಎಲ್ಲವೂ ತಮ್ಮ ಹಿರಿಯರು ಬಿಟ್ಟುಬಂದ ಇರಾನ್ ದೇಶದ್ದು ಎಂದರು. ನಡುವೆ ಒಂದು ಗುಳಿ ಖಾಲಿಯಿತ್ತು.

“ಇದು ಒಲೆ ಅಲ್ಲ ಕದಿರ್. ಇದು ನಮ್ಮ ಪೂಜೆ ಬೆಂಕಿ. ಕೆಡೋದಿಲ್ಲ. ಇವಳು ಇಬ್ಬರು ಕಾವಲು. ಕೈಯಲ್ಲಿ ಕತ್ತಿ,” ಎಂದರು.

ಕದಿರಮ್ಮ ಒನಕೆಯನ್ನು ಮತ್ತೆ ಮತ್ತೆ ನೋಡಿದಳು. ಇಷ್ಟು ವರ್ಷ ತಾನು ಬಿಲ್ಲೆಯೊಳಗೂ ದಿನಾ ಕುಟ್ಟುತ್ತ ನಿಂತಿದ್ದೇನೆಂದೇ ತಿಳಿದಿದ್ದಳು. ಅಲ್ಲಿ ಅವಳು ಇರಲೇ ಇಲ್ಲ.

“ಮುಂದೆ ಇರೋಳು ಯಾರು ಬಾಯಮ್ಮ?”

“ಇರಾನ್ ರಾಜಾ. ಸಾವಿರ ವರ್ಷಕ್ಕಿಂತ ಜಾಸ್ತಿ ಆಯ್ತು. ದೊಡ್ಡ ಲಡಾಯಿ ಮಾಡಿದಳು.”

ಲಡಾಯಿ ಮಾಡಿದಳು ಎಂದ ಮೇಲೆ ರಾಣಿಯೇ ಇರಬೇಕೆಂದು ಕದಿರಮ್ಮ ತಿಳಿದಳು. ಅವಳ ಪಾಡು ಇನ್ನೂ ಕೆಟ್ಟಿತು. ಮಂಗಮ್ಮನಾದರೆ ಹೋಬಳಿಯ ಹೆಣ್ಣು, ಕಾಡಿದರೂ ಬೇಡಿಕೊಳ್ಳಬಹುದಿತ್ತು. ಲಡಾಯಿ ಮಾಡಿ ಸತ್ತ ರಾಣಿಯನ್ನು ಯಾವ ಭಾಷೆಯಲ್ಲಿ ಬೇಡುವುದು? ತನ್ನ ಕೊರಳಿನದ್ದನ್ನು ತೋರಿಸಲು ಅವಳಿಗೆ ಕೈ ಬರಲಿಲ್ಲ.

ಆದರೆ ಆ ಪೆಟ್ಟಿಗೆ ಅವಳನ್ನು ಬಿಡಲಿಲ್ಲ. ಹಾಲು ಅಳೆದ ಮೇಲೆ ಬಸ್ಸಿನ ಹೊತ್ತಿನವರೆಗೆ ವರಾಂಡದ ಮೆಟ್ಟಿಲ ಮೇಲೆ ಕೂರುವುದು ರೂಢಿಯಾಯಿತು. ಬಾಯಮ್ಮನಿಗೂ ಮಾತಿಗೊಬ್ಬರು ಬೇಕಿತ್ತು. ಮುಖ ನೋಡಬೇಡ, ಟೋಪಿ ನೋಡು ಎಂದು ಅವರು ಹೇಳಿಕೊಟ್ಟರು. ಅಚ್ಚು ಕೊರೆಯುವವರು ಮುಖವನ್ನು ಎಲ್ಲರಿಗೂ ಒಂದೇ ಥರ ಕೊರೆಯುತ್ತಿದ್ದರು. ಕಿರೀಟ ಮಾತ್ರ ಒಬ್ಬರದ್ದು ಒಬ್ಬರಿಗಿಲ್ಲ, ಆಳುವವರು ಬದಲಾದರೆ ಕಿರೀಟವೂ ಬೇರೆ. ಬೆಂಕಿಯ ಒಂದು ಪಕ್ಕದ ಅಕ್ಷರ ಆಳಿಕೆಯ ವರ್ಷ, ಇನ್ನೊಂದು ಪಕ್ಕದ್ದು ಟಂಕಸಾಲೆಯ ಊರು. ಅರಬರು ಬಂದು ದೇಶದ ಮತ ಬದಲಾದ ಮೇಲೆ ಮುಖವೂ ಇಲ್ಲ, ಬೆಂಕಿಯೂ ಇಲ್ಲ, ಬರೀ ಬಳ್ಳಿಯಂಥ ಬರಹ. ಎಷ್ಟೋ ಕಾಲದ ಮೇಲೆ ಒಂದು ಸಿಂಹ, ಅದರ ಬೆನ್ನಿನ ಹಿಂದೆ ಹುಟ್ಟುವ ಸೂರ್ಯ. ಓದು ಬಾರದ ಕದಿರಮ್ಮನಿಗೆ ಈ ವಿದ್ಯೆ ಸಲೀಸಾಗಿ ಹತ್ತಿತು, ಬಸ್ಸಿನ ಬೋರ್ಡನ್ನು ಆಕಾರದಲ್ಲೇ ಓದಿದವಳಲ್ಲವೇ? ಸಂತೆಗೆ ಹೋದಾಗಲೆಲ್ಲ ಆರುಮುಗಂನ ಡಬ್ಬಿ ಕೆದಕಿ, ಸಿಂಹದ ಕಾಸೊಂದು, ಬರಹದ ಕಾಸೊಂದು ಎಂದು ಸಂಚಿಯ ತಳ ತುಂಬಿಸಿದಳು. ಕೊಟ್ಟಿಗೆಯಲ್ಲಿ ಯಾರೂ ಇಲ್ಲದಾಗ ಮಡಿಲಲ್ಲಿ ಹರಡಿಕೊಂಡು ನೋಡುವಳು. ಆ ಮನೆಯಲ್ಲಿ ಸವತಿಗೆ ಮೊದಲು ತೋರಿಸದೆ ಅವಳು ತನ್ನದೆಂದು ಇಟ್ಟುಕೊಂಡದ್ದು ಅವು ಮಾತ್ರ.

ಒಂದು ಬೆಳಿಗ್ಗೆ ಹಾಲು ಅಳೆಯುವಾಗ ದಾರ ಜಾರಿ ಬಿಲ್ಲೆ ಸೆರಗಿನಿಂದ ಹೊರಗೆ ತೂಗಿತು. ಬಾಯಮ್ಮ ಹಿಡಿದುಕೊಂಡರು. “ಎರಡು ರೆಕ್ಕೆ, ಮೇಲೆ ಚಂದ್ರ! ಖಾಲಿ ಗುಳಿ ಇವಳದ್ದು ಕದಿರ್. ನಮ್ಮ ಅಪ್ಪ ಹುಡುಕಿ ಹುಡುಕಿ ಸತ್ತಳು,” ಎಂದು ಭೂತಗನ್ನಡಿ ತಂದು ಮೇಲಿಟ್ಟು, “ನೋಡು, ಎಷ್ಟು ಚೆಂದ ಗಡ್ಡ,” ಎಂದರು.

“ಏನಂದ್ರಿ?”

“ಗಡ್ಡ. ಮೀಸೆ ಕೂಡ ಇದೆ.”

ಕದಿರಮ್ಮ ಗಾಜಿನೊಳಗೆ ಕಣ್ಣಿಟ್ಟಳು. ಹೂವಿನ ದಂಡೆ ಎಂದುಕೊಂಡದ್ದು ಹಕ್ಕಿಯ ರೆಕ್ಕೆ. ಗಲ್ಲದ ಕೆಳಗೆ ಸರವೆಂದು ತಿಳಿದಿದ್ದ ಸಾಲು ಸಾಲು ಚುಕ್ಕಿ, ಕತ್ತರಿಸಿ ಒಪ್ಪ ಮಾಡಿದ ಗಡ್ಡ. ಮೂಗಿನ ಕೆಳಗೆ ಮೀಸೆ. ಮೊದಲು ಅವಳಿಗೆ ನಗು ಬಂತು. ಮೆಟ್ಟಿಲ ಮೇಲೆ ಕುಸಿದು ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಿದ್ದಂತೆಯೇ ಜಾರಿಹೋದ ಕೂಸಿನ ನೆನಪು ಬಂದು ನಗು ಅಳುವಾಯಿತು. ಬಸ್ಸು ಹತ್ತಿದ ತಪ್ಪಿಗೆ ತಾನೇ ಕೂಸನ್ನು ಕೊಂದೆನೆಂದು ಅವಳು ಎಷ್ಟು ವರ್ಷ ಒಳಗೊಳಗೇ ಬೆಂದಿದ್ದಳು! ಈ ಮೀಸೆಯವನಿಗೆ ಕಾಮಸಮುದ್ರ ಎಲ್ಲಿದೆಯೆಂದಾದರೂ ಗೊತ್ತಿತ್ತೇ?

ಬಾಯಮ್ಮ ಗಾಬರಿಯಾಗಿ ನೀರು ತಂದುಕೊಟ್ಟರು. ಕದಿರಮ್ಮ ಕಣ್ಣೊರೆಸಿಕೊಂಡು, “ಇದನ್ನ ತಗದಾಕಿದ್ ದಿವ್ಸ ನಿಮ್ಗೇ ತಂದ್ಕೊಡ್ತೀನಿ ಬಾಯಮ್ಮ. ಆ ಗುಳಿ ನಮ್ದೇ,” ಎಂದು ಮಾತು ಕೊಟ್ಟಳು.

ಮಾತು ಕೊಡುವುದೇನೋ ಸುಲಭ. ಊರಿಗೆ ಮರಳುವ ಬಸ್ಸಿನಲ್ಲಿ ಕೂತಾಗ ಅವಳಿಗೆ ಬುದ್ಧಿ ಬಂತು. ಮನೆಯಲ್ಲಿ ಏನೆಂದು ಹೇಳುವುದು? ತಾಳಿಯ ಪಕ್ಕದಲ್ಲಿ ಇಷ್ಟು ವರ್ಷ ಪರಗಂಡಸನ್ನು ಕಟ್ಟಿಕೊಂಡು ತಿರುಗಿದೆ ಎಂದೇ? ಗಂಡ ಸಹಿಸಿದರೂ ಊರು ನಕ್ಕೀತು. ಓಬಳಮ್ಮನಂತೂ ಅಕ್ಕಸಾಲಿಯನ್ನು ಕರೆಸಿ ಬೇರೆ ಬಿಲ್ಲೆ ಕೆತ್ತಿಸಿಯಾಳು. ಈ ಸಲ ಅದು ನಿಜವಾದ ಮಂಗಮ್ಮನೇ ಆಗಿರುತ್ತಾಳೆ, ಇಷ್ಟು ವರ್ಷ ಅನ್ನ ನೀರಿಲ್ಲದೆ ಹೊರಗಿದ್ದ ಸಿಟ್ಟನ್ನೂ ಜೊತೆಗೆ ತರುತ್ತಾಳೆ. ಸತ್ಯ ಗೊತ್ತಾದರೂ ಅವಳು ಕದಲುವಂತಿರಲಿಲ್ಲ. ಬಾಯಿಗೆ ಬೀಗ ಹಾಕಿಕೊಂಡು ಎಂದಿನಂತೆ ಮುದ್ದೆಯ ಮೊದಲ ತುತ್ತನ್ನು ಇರಾನಿನ ದೊರೆಗೆ ತೋರಿಸಿದಳು.

ಆ ಶ್ರಾವಣದಲ್ಲಿ ಆಂಜನಪ್ಪ ಮತ್ತೆ ಬಂದ. ಜಗಲಿಯ ಮೇಲೆ ಕೂತು ಓಬಳಮ್ಮನ ಮುಂದೆ ಕೈಮುಗಿದ. “ಅತ್ತೆ, ಅವ್ವಂಗೆ ಕಣ್ಣು ಪೂರಾ ಓಗೈತೆ. ಕದಿರಿ ಬಂದ್ಲಾ ಅಂತ ಬಾಗ್ಲು ಸದ್ದಾದಾಗೆಲ್ಲ ಕೇಳ್ತಾಳೆ. ಮಕ ಮುಟ್ ನೋಡ್ಬೇಕಂತೆ. ಒಂದೆರಡ್ ದಿವ್ಸ ಕಳ್ಸಿ.”

“ನಂದೇನೈತಪ್ಪ? ನಾನೇನ್ ಬ್ಯಾಡ ಅಂತೀನಾ? ಮಂಗಮ್ಮ ಒಪ್ಪಾಕಿಲ್ಲ,” ಎಂದಳು ಓಬಳಮ್ಮ.

ಬಾಗಿಲ ಹಿಂದೆ ನಿಂತಿದ್ದ ಕದಿರಮ್ಮನಿಗೆ ಅದು ಗಂಡಸು ಎಂದು ಕಿರುಚಬೇಕೆನ್ನಿಸಿತು. ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಡಿದು ಅದುಮಿದಳು. ಅಂಗೈ ನೋಯಿತೇ ಹೊರತು ಇನ್ನೇನೂ ಆಗಲಿಲ್ಲ. ಅಣ್ಣ ಎದ್ದು ಹೋದ. ಅಂದು ಹಸು ಕರೆಯುತ್ತ ಕೂತಿದ್ದಾಗ ಅವಳಿಗೊಂದು ವಿಚಾರ ಹೊಳೆಯಿತು. ಬಿಲ್ಲೆಯೊಳಗೆ ಯಾರೂ ಇಲ್ಲ. ಅತ್ತೆ ಆಡಿಸಿದಂತೆ ಅದು ಆಡುತ್ತದೆ. ಹಾಗಾದರೆ ಆಡಿಸುವ ಬಾಯಿ ಅತ್ತೆಯದ್ದೇ ಏಕಾಗಬೇಕು?

ಪಿತೃಪಕ್ಷದ ಅಮಾವಾಸ್ಯೆಗೆ ಹಿರಿಯರಿಗೆ ಎಡೆಯಿಡುವಾಗ ಸವತಿಗೂ ಎಡೆ. ವರ್ಷಕ್ಕೊಮ್ಮೆ ಅಂದು ಮಾತ್ರ ಬಿಲ್ಲೆ ಕೊರಳಿನಿಂದ ಇಳಿದು ವೀಳ್ಯದೆಲೆಯ ಮೇಲೆ ಕೂರುತ್ತಿತ್ತು. ನೆಂಟರಿಷ್ಟರು ಸುತ್ತ ನಿಂತಿದ್ದರು. ಓಬಳಮ್ಮ ಸೀರೆ ಹೊದಿಸಿ, ಧೂಪ ತೋರಿಸಿ, ಪ್ರತಿ ವರ್ಷದಂತೆ ಕೇಳಿದಳು: “ಏನವ್ವಾ ಮಂಗಮ್ಮ, ತೃಪ್ತಿ ಆಯ್ತಾ?”

ಪ್ರತಿ ವರ್ಷ ಉತ್ತರವನ್ನೂ ಓಬಳಮ್ಮನೇ ಹೇಳುತ್ತಿದ್ದಳು. ಅವಳು ಬಾಯಿ ತೆರೆಯುವ ಮೊದಲೇ ಕದಿರಮ್ಮ, “ಇಲ್ವಂತೆ ಅತ್ತಮ್ಮ,” ಎಂದಳು.

ಮೈಮೇಲೆ ಬಂದವಳಂತೆ ಅವಳು ಕುಣಿಯಲಿಲ್ಲ, ಕೂದಲು ಕೆದರಲಿಲ್ಲ. ಹಾಲಿನ ಅಳತೆ ಹೇಳುವ ದನಿಯಲ್ಲೇ ಹೇಳಿದಳು. “ಕನಸಿಗೆ ಬಂದಿದ್ಲು ಅಕ್ಕ. ತೌರಿಗೆ ಓದೋಳು ವಾಪಸ್ ಬರೋಕಾಗ್ಲಿಲ್ಲ ಅನ್ನೋ ಸಂಕ್ಟ ಅವ್ಳಿಗೆ. ನನ್ನ ನಿನ್ ಕೊರಳಾಗೆ ಕಟ್ಕೊಂಡು ನಿಮ್ಮವ್ವನ ಮನೆಗಾದ್ರೂ ಒಂದ್ ಸಲ ಕರ್ಕೊಂಡೋಗಿ ಸುಖವಾಗಿ ಕರ್ಕೊಂಡ್ ಬಾ, ಅಲ್ಲೀಗಂಟ ಈ ಮನೆ ಎಡೆ ಮುಟ್ಟಾಕಿಲ್ಲ ಅಂದ್ಲು.”

ಚಿಕ್ಕಮುನಿಯಪ್ಪ ತಾಯಿಯ ಮುಖ ನೋಡಿದ. ನೆಂಟರೂ ನೋಡಿದರು. ಓಬಳಮ್ಮ ಸೊಸೆಯನ್ನು ಬಹಳ ಹೊತ್ತು ದಿಟ್ಟಿಸಿದಳು. ಕದಿರಮ್ಮ ಕಣ್ಣು ಕೆಳಗೆ ಮಾಡಲಿಲ್ಲ. ಕಡೆಗೆ ಓಬಳಮ್ಮ ಧೂಪದ ಬಟ್ಟಲನ್ನು ಕೆಳಗಿಟ್ಟಳು.

“ಅವ್ಳೇ ಕೇಳ್ದ ಮ್ಯಾಲೆ ಇನ್ನೇನೈತೆ? ಕಳಿಸ್ಲೇಬೇಕು,” ಎಂದಳು.

ಮರುದಿನ ಗಂಟು ಕಟ್ಟುವಾಗ ಕದಿರಮ್ಮನಿಗೆ ಬಾಯಮ್ಮನ ಪೆಟ್ಟಿಗೆಯ ಖಾಲಿ ಗುಳಿ ನೆನಪಾಯಿತು. ಇನ್ನು ಅದು ತುಂಬುವುದಿಲ್ಲ. ಬಿಲ್ಲೆ ಕೊರಳಲ್ಲಿರುವವರೆಗೆ ತವರಿನ ದಾರಿಯಿದೆ, ಬಿಚ್ಚಿದ ದಿನ ಅದೂ ಇಲ್ಲ. ಬಿಡಿಸಿಕೊಳ್ಳಲು ಹೊರಟು ತಾನೇ ಇನ್ನೊಂದು ಗಂಟು ಹಾಕಿಕೊಂಡಿದ್ದಳು.

ಓಬಳಮ್ಮ ಬಸ್ಸಿನವರೆಗೆ ಜೊತೆಗೆ ಬಂದಳು. ಹುಣಿಸೇಮರದ ಕೆಳಗೆ ನಿಂತು ಸೊಸೆಯ ಕೊರಳ ದಾರವನ್ನು ಬಿಗಿ ಮಾಡುವವಳಂತೆ ಬಿಲ್ಲೆಯನ್ನು ಕೈಗೆ ತೆಗೆದುಕೊಂಡಳು.

“ಇದು ನನ್ ಕೊರಳಾಗೂ ಇತ್ತು ಕಣೇ,” ಎಂದಳು ಮೆಲ್ಲಗೆ. “ಆವಾಗ ಇವ್ಳ ಎಸ್ರು ತಿಮ್ಮಕ್ಕ. ನಿಮ್ ಮಾವನ ಮೊದಲ್ನೋಳು. ರವಿಕೆ ಒಳಗೇ ಇಟ್ಕೊಂಡಿರ್ತಿದ್ದೆ, ಯಾರ್ಗೂ ಕಾಣ್ತಿರ್ಲಿಲ್ಲ. ನಿಮ್ ಮಾವ ಸತ್ ದಿವ್ಸ ತಾಳಿ ಜೊತೆ ಬಿಚ್ಚಿಟ್ಟೆ.”

ಬಸ್ಸಿನ ಧೂಳು ದೂರದಲ್ಲಿ ಕಾಣಿಸಿತು.

“ನಿಮ್ನೂ ತೌರಿಗೆ ಕಳಿಸ್ತಿರ್ಲಿಲ್ವಾ ಅತ್ತಮ್ಮ?”

“ತಿಮ್ಮಕ್ಕ ಒಪ್ಪಾಕಿಲ್ಲ ಅಂತ ನಮ್ಮತ್ತೆ ಏಳೋಳು. ನಮ್ಮವ್ವ ಸತ್ತಿದ್ದು ತಿಥಿ ಮುಗಿದ್ ಮ್ಯಾಲೆ ನಂಗ್ ಗೊತ್ತಾಯ್ತು.”

ಬಸ್ಸು ಬಂದು ನಿಂತಿತು. ಕದಿರಮ್ಮ ಗಂಟು ಎತ್ತಿಕೊಂಡು ಹತ್ತಿ ಕಿಟಕಿಯ ಪಕ್ಕ ಕೂತಳು. ಓಬಳಮ್ಮ ಕಿಟಕಿಯ ಸರಳು ಹಿಡಿದುಕೊಂಡಳು. ಕಂಡಕ್ಟರ್ ಸೀಟಿ ಊದಿದರೂ ಕೈ ತೆಗೆಯಲಿಲ್ಲ.

“ಅಷ್ಟು ವರ್ಷ ಕಟ್ಕೊಂಡಿದ್ನಲ್ಲೇ ಕದಿರಿ,” ಎಂದಳು. “ತಿಮ್ಮಕ್ಕ ಕನಸಿಗೆ ಬಂದಿದ್ಲು ಅಂತ ನಾನೂ ಏಳ್ಬೋದಿತ್ತು. ನಂಗೆ ಒಳೀಲೇ ಇಲ್ಲ.”